ಮೊದಲು ಹದ್ದನ್ನು ಕಲಿಯಿರಿ: ಒಂದೇ ಥರ ಕಾಣುವ ಬೇಟೆ ಹಕ್ಕಿಗಳನ್ನು ಗುರುತಿಸುವ ದಾರಿ

ಬೇಟೆ ಹಕ್ಕಿ ಕಂಡಾಗ ಕಣ್ಣು ಮೊದಲು ಹೋಗುವುದು ಬಣ್ಣದ ಕಡೆಗೆ. ನಾನೂ ಮೊದಲ ಎರಡು ವರ್ಷ ಹಾಗೇ ನೋಡಿದೆ. ‘ಕಂದು, ದೊಡ್ಡದು, ಎತ್ತರದಲ್ಲಿ ಸುತ್ತುತ್ತಿತ್ತು’ ಅಂತ ಬರೆದುಕೊಳ್ಳುತ್ತಿದ್ದೆ. ಆಮೇಲೆ ಹಕ್ಕಿ ಪುಸ್ತಕ ತೆರೆದರೆ ಕಂದು ಬಣ್ಣದ ದೊಡ್ಡ ಹಕ್ಕಿಗಳೇ ಪುಟಗಟ್ಟಲೆ ಇರುತ್ತಿದ್ದವು. ಅದರಲ್ಲಿ ಯಾವುದು ಅಂತ ಹೇಳೋದು? ಆ ಎರಡು ವರ್ಷದ ಟಿಪ್ಪಣಿಗಳಲ್ಲಿ ಒಂದೂ ಇವತ್ತು ಕೆಲಸಕ್ಕೆ ಬರುವುದಿಲ್ಲ.

ಬಣ್ಣ ಕೈಕೊಡಲು ಕಾರಣಗಳಿವೆ. ಹಕ್ಕಿ ಮೇಲಿದ್ದು ಬೆಳಕು ಅದರ ಹಿಂದಿದ್ದರೆ ಬಿಳಿ ಹೊಟ್ಟೆಯೂ ಕಪ್ಪಾಗಿ ಕಾಣುತ್ತದೆ. ಮರಿ ಹಕ್ಕಿಗೆ ಒಂದು ಬಣ್ಣ, ಬೆಳೆದದ್ದಕ್ಕೆ ಇನ್ನೊಂದು. ದೊಡ್ಡ ಈಗಲ್‌ಗಳಿಗೆ ಪೂರ್ತಿ ಬೆಳೆದ ಹಕ್ಕಿಯ ಗರಿ ಬರಲು ಐದಾರು ವರ್ಷ ಬೇಕು. ಅಷ್ಟು ದಿನವೂ ಅವು ಬಣ್ಣ ಬದಲಿಸುತ್ತಲೇ ಇರುತ್ತವೆ. ಕೆಲವು ಜಾತಿಗಳಲ್ಲಂತೂ ಒಂದೇ ವಯಸ್ಸಿನ ಎರಡು ಹಕ್ಕಿಗಳಲ್ಲಿ ಒಂದು ಕಡುಗಂದು, ಇನ್ನೊಂದು ಬಿಳಿಚು. ಹಾಗಾಗಿ ಬಣ್ಣವನ್ನು ಕೊನೆಗೆ ನೋಡಿ. ಮೊದಲು ಆಕಾರ, ಆಮೇಲೆ ಹಾರುವ ರೀತಿ, ಆಮೇಲೆ ಗುರುತುಗಳು.

ಒಂದು ಹಕ್ಕಿಯನ್ನು ಅಳತೆಗೋಲು ಮಾಡಿಕೊಳ್ಳಿ

ಕಲಿಯೋಕೆ ಶುರು ಮಾಡುವವರಿಗೆ ನಾನು ಹೇಳುವುದು ಒಂದೇ ಮಾತು. ಅಪರೂಪದ ಹಕ್ಕಿಗಳನ್ನು ಹುಡುಕುವ ಮೊದಲು ಮಾಮೂಲಿ ಹದ್ದನ್ನು ಪೂರ್ತಿ ಕಲಿಯಿರಿ. ಪುಸ್ತಕಗಳಲ್ಲಿ ಬ್ಲ್ಯಾಕ್ ಕೈಟ್ ಅಂತ ಇರುವುದು ಇದೇ. ಹೆಸರಲ್ಲಿ ಕಪ್ಪು ಇದ್ದರೂ ಮೈಬಣ್ಣ ಕಂದು. ಯುರೋಪ್, ಆಫ್ರಿಕಾ, ಏಷ್ಯಾ, ಆಸ್ಟ್ರೇಲಿಯಾ ಎಲ್ಲ ಕಡೆ ಇರುವ ಹಕ್ಕಿ. ದಿನಾ ಕಣ್ಣಿಗೆ ಬೀಳುತ್ತದೆ ಅನ್ನುವ ಕಾರಣಕ್ಕೇ ನಾವು ಅದನ್ನು ಸರಿಯಾಗಿ ನೋಡುವುದಿಲ್ಲ, ಅಲ್ವಾ?

ಎರಡು ವಾರ, ದಿನಕ್ಕೆ ಹತ್ತು ನಿಮಿಷ ಹದ್ದನ್ನೇ ನೋಡಿ. ಬೇರೆ ಏನೂ ಬೇಡ. ಬಾಲದ ತುದಿ ಮೀನಿನ ಬಾಲದಂತೆ ಸ್ವಲ್ಪ ಕವಲೊಡೆದಿರುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ಗಾಳಿಯಲ್ಲಿ ತೇಲುತ್ತಾ ಬಾಲವನ್ನು ಬೀಸಣಿಗೆಯಂತೆ ಬಿಚ್ಚಿದಾಗ ಆ ಕವಲು ಮಾಯವಾಗಿ ತುದಿ ಹೆಚ್ಚುಕಡಿಮೆ ನೇರವಾಗುತ್ತದೆ. ಇದನ್ನು ಕಣ್ಣಾರೆ ನೋಡಿರದವರು ಅಲ್ಲೇ ಮೋಸ ಹೋಗುತ್ತಾರೆ. ಇನ್ನು ಬಾಲ ಆಡಿಸುವುದನ್ನು ನೋಡಿ. ಹದ್ದು ತಿರುಗುವಾಗ ಬಾಲವನ್ನು ದೋಣಿಯ ಚುಕ್ಕಾಣಿಯಂತೆ ಆ ಕಡೆ ಈ ಕಡೆ ತಿರುಚುತ್ತಲೇ ಇರುತ್ತದೆ. ಎಷ್ಟು ದೂರದಲ್ಲಿದ್ದರೂ, ಎಷ್ಟೇ ಕಪ್ಪಾಗಿ ಕಂಡರೂ ಈ ತಿರುಚಾಟ ಕಾಣುತ್ತದೆ. ನನಗೆ ಬಾಲದ ಕವಲಿಗಿಂತ ಇದರ ಮೇಲೇ ನಂಬಿಕೆ ಜಾಸ್ತಿ.

ತೇಲುವಾಗ ರೆಕ್ಕೆ ಹೇಗೆ ಹಿಡಿಯುತ್ತದೆ ಅನ್ನುವುದನ್ನೂ ನೋಡಿಟ್ಟುಕೊಳ್ಳಿ. ಮಣಿಕಟ್ಟಿನ ಹತ್ತಿರ, ಅಂದರೆ ರೆಕ್ಕೆ ನಡುವೆ ಮಡಚುವ ಕಡೆ, ಸ್ವಲ್ಪ ಬಾಗಿ, ತುದಿ ಕೆಳಗೆ ಇಳಿದಿರುತ್ತದೆ. ಬಿಲ್ಲು ಬಾಗಿದ ಹಾಗೆ. ರೆಕ್ಕೆಯ ಅಡಿಯಲ್ಲಿ, ತುದಿಯ ಉದ್ದ ಗರಿಗಳ ಬುಡದಲ್ಲಿ, ಮಸುಕಾದ ಬಿಳಿ ಕಲೆ ಇರುತ್ತದೆ. ಮೈಯುದ್ದ ಸುಮಾರು 60 ಸೆಂ.ಮೀ., ಬಿಚ್ಚಿದ ರೆಕ್ಕೆಗಳ ಅಗಲ ಸುಮಾರು 150 ಸೆಂ.ಮೀ. ಈ ಅಳತೆ ಕಣ್ಣಿನಲ್ಲಿ ಕೂತರೆ ಬೇರೆ ಯಾವ ಹಕ್ಕಿ ಬಂದರೂ ‘ಹದ್ದಿಗಿಂತ ದೊಡ್ಡದು, ಬಾಲ ಗಿಡ್ಡ’ ಅಂತ ತಕ್ಷಣ ಹೇಳಬಹುದು. ಹದ್ದು ಪಕ್ಕದಲ್ಲಿಲ್ಲದಿದ್ದರೆ ಕಾಗೆ ಸಹಾಯಕ್ಕೆ ಬರುತ್ತದೆ. ಬೇಟೆ ಹಕ್ಕಿ ಕಂಡರೆ ಕಾಗೆಗಳು ಅಟ್ಟಿಸಿಕೊಂಡು ಹೋಗುವುದು ಜಾಸ್ತಿ. ಊರು ಕಾಗೆ ಸುಮಾರು 40 ಸೆಂ.ಮೀ. ಇರುತ್ತದೆ.

ಆಕಾರದ ನಾಲ್ಕು ಅಚ್ಚುಗಳು

ಹೆಸರು ಹುಡುಕುವ ಮೊದಲು ಹಕ್ಕಿಯನ್ನು ಒಂದು ಗುಂಪಿಗೆ ಸೇರಿಸಿ. ಆಗಲೇ ಅರ್ಧ ಕೆಲಸ ಮುಗಿಯುತ್ತದೆ.

ಅಗಲವಾದ ಹಲಗೆಯಂಥ ರೆಕ್ಕೆ, ತುದಿಯಲ್ಲಿ ಬೆರಳು ಬಿಡಿಸಿದಂತೆ ಬೇರೆ ಬೇರೆ ನಿಂತ ಗರಿಗಳು: ಇವು ಈಗಲ್, ಬಜರ್ಡ್, ರಣಹದ್ದುಗಳು. ಬಿಸಿಲಿಗೆ ನೆಲ ಕಾದು ಮೇಲೇರುವ ಗಾಳಿಯ ಮೇಲೆ ರೆಕ್ಕೆ ಬಡಿಯದೆ ತೇಲುವುದಕ್ಕೆ ಹೇಳಿ ಮಾಡಿಸಿದ ರೆಕ್ಕೆ. ಅದಕ್ಕೇ ಇವನ್ನು ಬೆಳಗಿನ ಜಾವ ಆಕಾಶದಲ್ಲಿ ಹುಡುಕುವುದು ವ್ಯರ್ಥ. ಬಿಸಿಲೇರಿದ ಮೇಲೆ ಹೋಗಿ.

ಗಿಡ್ಡ, ದುಂಡು ರೆಕ್ಕೆ, ಉದ್ದ ಬಾಲ: ಶಿಕ್ರಾ ಎಂಬ ಪುಟ್ಟ ಗಿಡುಗ ಮತ್ತು ಅದರ ನೆಂಟರು. ಮರಗಳ ನಡುವೆ ನುಸುಳಿ, ಥಟ್ಟನೆ ತಿರುಗಿ ಹಿಡಿಯುವ ಬೇಟೆ ಇವುಗಳದ್ದು. ನಾಲ್ಕೈದು ಸಲ ರೆಕ್ಕೆ ಬಡಿದು, ಸ್ವಲ್ಪ ಜಾರಿ, ಮತ್ತೆ ಬಡಿಯುತ್ತವೆ.

ಉದ್ದ ರೆಕ್ಕೆ, ಉದ್ದ ಬಾಲ, ಹಗುರ ಮೈ. ಹುಲ್ಲಿನ ಮೇಲೆ ತೀರ ತಗ್ಗಿನಲ್ಲಿ, ರೆಕ್ಕೆಗಳನ್ನು ಇಂಗ್ಲಿಷ್ ವಿ ಅಕ್ಷರದಂತೆ ಎತ್ತಿ ತೇಲುತ್ತಾ ಹೋದರೆ ಅದು ಹ್ಯಾರಿಯರ್.

ಚೂಪು ತುದಿಯ ರೆಕ್ಕೆ ಇದ್ದರೆ ಚಾಣ, ಡೇಗೆಗಳ ಗುಂಪು, ಅಂದರೆ ಫಾಲ್ಕನ್‌ಗಳು. ಇವು ಹದ್ದು, ಗಿಡುಗಗಳ ನೆಂಟರೇ ಅಲ್ಲ. 2008ರಲ್ಲಿ ಬಂದ ಒಂದು ದೊಡ್ಡ ಡಿಎನ್‌ಎ ಅಧ್ಯಯನ ಇವು ಗಿಳಿಗಳಿಗೆ ಹತ್ತಿರ ಅಂತ ತೋರಿಸಿತು. ಹದ್ದು, ಗಿಡುಗಗಳು ಉಗುರಿನಲ್ಲಿ ಹಿಸುಕಿ ಕೊಂದರೆ, ಇವು ಕೊಕ್ಕಿನಿಂದ ಕುತ್ತಿಗೆ ಕಚ್ಚಿ ಕೊಲ್ಲುತ್ತವೆ. ಆ ಕೊಕ್ಕಿನ ಅಂಚಿನಲ್ಲಿ ಹಲ್ಲಿನಂಥ ಒಂದು ಮೊನೆ ಇರುತ್ತದೆ.

ಒಂದು ಎಚ್ಚರಿಕೆ. ಈ ಆಕಾರ ಒಂದೇ ಸಲ ನೋಡಿದರೆ ಸಾಲದು. ಶಿಕ್ರಾ ವೇಗವಾಗಿ ಜಾರುವಾಗ ರೆಕ್ಕೆ ಮಡಚಿ ಚಾಣದಂತೆ ಚೂಪಾಗಿ ಕಾಣುತ್ತದೆ. ಚಾಣ ಬಾಲ ಬಿಚ್ಚಿ ಸುತ್ತುವಾಗ ರೆಕ್ಕೆ ತುದಿ ದುಂಡಗಾಗುತ್ತದೆ. ಹಕ್ಕಿ ಕನಿಷ್ಠ ಒಂದು ಸುತ್ತು ಹಾಕುವವರೆಗೆ ಕಾಯಿರಿ. ನಿಮ್ಮ ಕಡೆಗೆ ನೇರವಾಗಿ ಬರುವ ಆ ಒಂದು ಕ್ಷಣವನ್ನು ಬಿಡಬೇಡಿ. ರೆಕ್ಕೆ ಮೇಲೆತ್ತಿದೆಯೋ, ಸಮತಟ್ಟೋ, ಬಾಗಿದೆಯೋ ಅನ್ನುವುದು ಆಗಲೇ ತಿಳಿಯುವುದು.

ಹದ್ದೆಂದು ಬಿಟ್ಟುಬಿಡುವ ಹಕ್ಕಿಗಳು

ನಿಜವಾದ ಪರೀಕ್ಷೆ ಇಲ್ಲಿದೆ. ‘ಓ, ಹದ್ದು’ ಅಂತ ನಾವು ಬೈನಾಕ್ಯುಲರ್ ಇಳಿಸಿದ ಎಷ್ಟೋ ಹಕ್ಕಿಗಳು ಹದ್ದಾಗಿರುವುದಿಲ್ಲ.

ಗರುಡನ ಮರಿಯಿಂದ ಶುರು ಮಾಡೋಣ. ಬೆಳೆದ ಗರುಡನಿಗೆ ಬಿಳಿ ತಲೆ, ಬಿಳಿ ಎದೆ, ಇಟ್ಟಿಗೆಗೆಂಪು ಮೈ. ಅದನ್ನು ಯಾರೂ ತಪ್ಪುವುದಿಲ್ಲ. ಮರಿ ಮಾತ್ರ ಪೂರ್ತಿ ಕಂದು. ಹದ್ದಿನ ಜೊತೆಗೇ ಹಾರುತ್ತಿದ್ದರೆ ಬೇರೆ ಮಾಡುವುದು ಕಷ್ಟ ಅನ್ನಿಸುತ್ತದೆ. ಬಾಲ ನೋಡಿ. ಗರುಡನ ಬಾಲದ ತುದಿ ದುಂಡಗೆ, ಯಾವ ವಯಸ್ಸಿನಲ್ಲೂ ಕವಲಿಲ್ಲ. ಬಾಲ ತಿರುಚಾಟವೂ ಹದ್ದಿನಷ್ಟಿಲ್ಲ. ಮೈ ಹದ್ದಿಗಿಂತ ಚಿಕ್ಕದು, ರೆಕ್ಕೆ ಸ್ವಲ್ಪ ಗಿಡ್ಡ, ಅಗಲ.

ಮಾರ್ಷ್ ಹ್ಯಾರಿಯರ್‌ನ ಹೆಣ್ಣು ಮತ್ತು ಮರಿಗಳು ಕಡು ಚಾಕೊಲೇಟ್ ಬಣ್ಣ. ನೆತ್ತಿ ಮತ್ತು ಗಂಟಲು ಮಾತ್ರ ಕೆನೆಬಣ್ಣ. ಕೆರೆಯಂಚಿನ ಜೊಂಡಿನ ಮೇಲೆ ತಗ್ಗಿನಲ್ಲಿ ಹೋಗುತ್ತಿರುತ್ತದೆ. ಹದ್ದಿನ ರೆಕ್ಕೆ ಕೆಳಕ್ಕೆ ಬಾಗಿದರೆ ಇದರ ರೆಕ್ಕೆ ಮೇಲಕ್ಕೆ ಎತ್ತಿರುತ್ತದೆ. ಇಷ್ಟು ಸಾಕು.

ಎಲ್ಲಕ್ಕಿಂತ ಜಾಸ್ತಿ ಏಮಾರಿಸುವುದು ಬೂಟೆಡ್ ಈಗಲ್‌ನ ಕಡುಗಂದು ರೂಪ. ದಕ್ಷಿಣ ಏಷ್ಯಾದ ಹೆಚ್ಚಿನ ಕಡೆ ಇದು ಚಳಿಗಾಲದ ಅತಿಥಿ. ಗಾತ್ರ ಹೆಚ್ಚುಕಡಿಮೆ ಹದ್ದಿನಷ್ಟೇ, ಬಣ್ಣವೂ ಅದೇ. ರೆಕ್ಕೆಯ ಮೇಲ್ಭಾಗದಲ್ಲಿ ಓರೆಯಾದ ಮಸುಕು ಪಟ್ಟೆ ಎರಡಕ್ಕೂ ಇದೆ. ಒಂದು ಮಧ್ಯಾಹ್ನ ಏಳೆಂಟು ಹದ್ದುಗಳು ಒಟ್ಟಿಗೆ ಸುತ್ತುತ್ತಿದ್ದವು. ನಾನು ಸುಮ್ನೆ ಎಣಿಸುತ್ತಿದ್ದೆ. ಅದರಲ್ಲಿ ಒಂದು ಬಾಲ ತಿರುಚುತ್ತಿರಲಿಲ್ಲ. ಉಳಿದವು ಒಂದೊಂದು ಸುತ್ತಿಗೂ ಬಾಲವನ್ನು ಅತ್ತಿತ್ತ ಮಾಡುತ್ತಿದ್ದರೆ ಇದು ಬಾಲ ನೆಟ್ಟಗೆ ಹಿಡಿದು ತಿರುಗುತ್ತಿತ್ತು. ಬೈನಾಕ್ಯುಲರ್ ಅದರ ಮೇಲೇ ಇಟ್ಟೆ. ಬಾಲದ ತುದಿ ಚೌಕ, ಅಡಿಯಿಂದ ಮಸುಕು ಬೂದು. ಅದು ನನ್ನ ಕಡೆ ತಿರುಗಿತು. ಕುತ್ತಿಗೆಯ ಎರಡೂ ಪಕ್ಕ, ರೆಕ್ಕೆ ಮೈಗೆ ಸೇರುವ ಕಡೆ, ಎರಡು ಪುಟ್ಟ ಬಿಳಿ ಚುಕ್ಕೆಗಳು ಹೊತ್ತಿಕೊಂಡ ದೀಪದಂತೆ ಕಂಡವು. ವಿಮಾನ ಇಳಿಯುವಾಗ ಹಾಕುವ ದೀಪಗಳಿಗೆ ಹೋಲಿಸಿ ಹಕ್ಕಿ ನೋಡುವವರು ಇದನ್ನು ಲ್ಯಾಂಡಿಂಗ್ ಲೈಟ್ ಅನ್ನುತ್ತಾರೆ. ಎರಡು ವಾರ ಹದ್ದನ್ನೇ ನೋಡಿದ್ದರ ಫಲ ನನಗೆ ಸಿಕ್ಕಿದ್ದು ಅವತ್ತು. ಬೂಟೆಡ್ ಈಗಲ್‌ನ ಬಿಳಿಚು ರೂಪ ಸುಲಭ. ರೆಕ್ಕೆಯಡಿಯ ಮುಂಭಾಗ ಬಿಳಿ, ಹಿಂಭಾಗ ಕಪ್ಪು. ಹದ್ದಿಗೆ ಹಾಗೆ ಇರುವುದೇ ಇಲ್ಲ.

ಜೇನು ಗಿಡುಗ: ಬಣ್ಣವನ್ನೇ ನಂಬಬೇಡಿ ಅನ್ನಲು ಒಂದೇ ಸಾಕ್ಷಿ

ಓರಿಯೆಂಟಲ್ ಹನಿ ಬಜರ್ಡ್ ಅಥವಾ ಜೇನು ಗಿಡುಗ ಬಹುತೇಕ ಬಿಳಿಯೂ ಇರಬಹುದು, ಕಡುಗಂದೂ ಇರಬಹುದು, ನಡುವಿನ ಯಾವ ಬಣ್ಣವೂ ಇರಬಹುದು. ಹೊಟ್ಟೆಯ ಮೇಲೆ ಅಡ್ಡ ಪಟ್ಟೆ, ಉದ್ದ ಗೆರೆ, ಅಥವಾ ಏನೂ ಇಲ್ಲದೆ ಇರಬಹುದು. ಬಣ್ಣದಿಂದ ಇದನ್ನು ಹಿಡಿಯಲು ಹೋದವರು ಸೋಲುತ್ತಾರೆ. ಆದರೆ ತಲೆ ಮಾತ್ರ ಬದಲಾಗುವುದಿಲ್ಲ. ಅಷ್ಟು ದೊಡ್ಡ ಮೈಗೆ ಪಾರಿವಾಳದಂಥ ಪುಟ್ಟ ತಲೆ, ಮುಂದೆ ಚಾಚಿದ ಸಣ್ಣ ಕುತ್ತಿಗೆ. ಕೊಕ್ಕೂ ಸಪೂರ. ಜೇನುಗೂಡು, ಕಣಜದ ಗೂಡು ಕಿತ್ತು ಮರಿಹುಳುಗಳನ್ನು ತಿನ್ನುವ ಹಕ್ಕಿ ಇದು. ಮುಖದ ಮೇಲೆ ಕುಟುಕು ತಾಗದಂತೆ ಮೀನಿನ ಹುರುಪೆಯಂಥ ಪುಟ್ಟ ಗಟ್ಟಿ ಗರಿಗಳಿರುತ್ತವೆ. ಕೂತ ಹಕ್ಕಿ ಹತ್ತಿರ ಸಿಕ್ಕರೆ ನೋಡಿ, ತುಂಬ ಚೆಂದ. ತೇಲುವಾಗ ರೆಕ್ಕೆ ಸಮತಟ್ಟು.

ಇದಕ್ಕೆ ತದ್ರೂಪ ಕಾಣುವುದು ಚೇಂಜೆಬಲ್ ಹಾಕ್-ಈಗಲ್. ಅದರ ತಲೆ ಮತ್ತು ಕೊಕ್ಕು ದಪ್ಪ, ರೆಕ್ಕೆಯ ಹಿಂದಿನ ಅಂಚು ಹೊರಕ್ಕೆ ಉಬ್ಬಿರುತ್ತದೆ. ಕೂತಿದ್ದರೆ ಕಾಲು ನೋಡಿ. ಹಾಕ್-ಈಗಲ್‌ಗೆ ಕಾಲ್ಬೆರಳಿನವರೆಗೂ ಗರಿ ತೊಡಿಸಿದಂತಿರುತ್ತದೆ. ಜೇನು ಗಿಡುಗನ ಕಾಲು ಕೆಳಗೆ ಬರಿದು.

ಕ್ರೆಸ್ಟೆಡ್ ಸರ್ಪೆಂಟ್ ಈಗಲ್ ಅನ್ನೂ ಕೆಲವರು ಇದರೊಂದಿಗೆ ಬೆರೆಸುತ್ತಾರೆ. ಅದು ತೇಲುವಾಗ ರೆಕ್ಕೆ ಮೇಲೆತ್ತಿರುತ್ತದೆ. ರೆಕ್ಕೆಯಡಿಯ ಹಿಂಭಾಗದಲ್ಲಿ ಮತ್ತು ಬಾಲದಲ್ಲಿ ದಪ್ಪ ಬಿಳಿ ಪಟ್ಟೆ ದೂರದಿಂದಲೇ ಕಾಣುತ್ತದೆ. ಜೊತೆಗೆ ಮೇಲೆ ತೇಲುತ್ತಾ ಜೋರಾಗಿ ಸಿಳ್ಳೆ ಹಾಕುತ್ತದೆ. ಎಷ್ಟೋ ಸಲ ಕಣ್ಣಿಗಿಂತ ಮೊದಲು ಕಿವಿಗೆ ಸಿಗುವ ಹಕ್ಕಿ.

ಶಿಕ್ರಾ ಮತ್ತು ಅದರ ವೇಷ ಹಾಕಿದ ಕೋಗಿಲೆ

ಸಣ್ಣ ಹಕ್ಕಿಗಳಲ್ಲಿ ಶಿಕ್ರಾ ನಿಮ್ಮ ಎರಡನೇ ಅಳತೆಗೋಲು. ಸುಮಾರು 30 ಸೆಂ.ಮೀ. ಇರುತ್ತದೆ, ಕಾಗೆಗಿಂತ ಚಿಕ್ಕದು. ಬೆಳೆದದ್ದಕ್ಕೆ ಬೆನ್ನು ಬೂದು, ಎದೆಯ ಮೇಲೆ ತೆಳು ಕೆಂಗಂದು ಅಡ್ಡ ಪಟ್ಟೆಗಳು. ಮರಿಗೆ ಕಂದು ಬೆನ್ನು, ಎದೆಯ ಮೇಲೆ ಹನಿ ಸೋರಿದಂತೆ ಉದ್ದುದ್ದ ಗೆರೆಗಳು. ಪಟ್ಟೆ ಅಡ್ಡವೋ ಉದ್ದವೋ ಅನ್ನುವುದನ್ನು ಯಾವಾಗಲೂ ಬರೆದುಕೊಳ್ಳಿ. ವಯಸ್ಸು ಗೊತ್ತಾಗುವುದು ಅದರಿಂದ.

ಇದನ್ನು ಯುರೇಷಿಯನ್ ಸ್ಪ್ಯಾರೋಹಾಕ್‌ನಿಂದ ಬೇರೆ ಮಾಡುವ ಗಟ್ಟಿ ಗುರುತು ರೆಕ್ಕೆ ತುದಿಯ ಬೆರಳುಗಳು. ಪೂರ್ತಿ ಬಿಚ್ಚಿದ ರೆಕ್ಕೆಯಲ್ಲಿ ಶಿಕ್ರಾಗೆ 5, ಸ್ಪ್ಯಾರೋಹಾಕ್‌ಗೆ 6. ಹಾರುವಾಗ ಎಣಿಸಲು ಆಗುವುದಿಲ್ಲ, ಫೋಟೊದಲ್ಲಿ ಎಣಿಸಿ. ಗರಿ ಉದುರಿಸುವ ಕಾಲದಲ್ಲಿ ಒಂದು ಗರಿ ಕಮ್ಮಿಯೇ ಇರಬಹುದು. ಆದ್ದರಿಂದ ಎರಡೂ ರೆಕ್ಕೆ ಎಣಿಸಿ ನೋಡಿ. ಗಂಟಲೂ ಸಹಾಯ ಮಾಡುತ್ತದೆ. ಶಿಕ್ರಾದ ಗಂಟಲ ನಡುವೆ ಒಂದು ಮಸುಕು ಗೆರೆ ಇರುತ್ತದೆ. ಬೆಸ್ರಾ ಎಂಬ ಕಾಡಿನ ನೆಂಟನಿಗೆ ಅದೇ ಗೆರೆ ಕಡುಕಪ್ಪು, ದಪ್ಪ. ಸ್ಪ್ಯಾರೋಹಾಕ್‌ಗೆ ಅಂಥ ಗೆರೆ ಇಲ್ಲ. ಗಾತ್ರದ ಮೇಲೆ ಮಾತ್ರ ತೀರ್ಮಾನ ಮಾಡಬೇಡಿ. ಬೇಟೆ ಹಕ್ಕಿಗಳಲ್ಲಿ ಸಾಮಾನ್ಯವಾಗಿ ಹೆಣ್ಣೇ ದೊಡ್ಡದು. ಈ ಗುಂಪಿನಲ್ಲಂತೂ ವ್ಯತ್ಯಾಸ ಎಷ್ಟೆಂದರೆ ಗಂಡು ಹೆಣ್ಣು ಬೇರೆ ಬೇರೆ ಜಾತಿ ಅನ್ನಿಸಿಬಿಡುತ್ತದೆ.

ಇನ್ನೊಂದು ಮೋಸ ಬೇಟೆ ಹಕ್ಕಿಯದ್ದೇ ಅಲ್ಲ. ಹಾಕ್-ಕುಕ್ಕೂ ಅನ್ನುವ ಕೋಗಿಲೆ ಜಾತಿಯ ಹಕ್ಕಿ ಶಿಕ್ರಾದಂತೆಯೇ ಬೂದು ಬೆನ್ನು, ಪಟ್ಟೆ ಎದೆ, ಪಟ್ಟೆ ಬಾಲ ಹೊತ್ತು, ಶಿಕ್ರಾದಂತೆಯೇ ಹಾರಿ, ಶಿಕ್ರಾದಂತೆಯೇ ಮರಕ್ಕೆ ಬಂದು ಕೂರುತ್ತದೆ. ಸಣ್ಣ ಹಕ್ಕಿಗಳೂ ಬೆದರಿ ಗಲಾಟೆ ಎಬ್ಬಿಸುತ್ತವೆ. ಒಂದು ಸಲ ತಂತಿಯ ಮೇಲೆ ಕೂತ ಹಕ್ಕಿಯನ್ನು ಐದು ನಿಮಿಷ ನೋಡಿದೆ. ಶಿಕ್ರಾ ಕೂತರೆ ಮೈ ನೆಟ್ಟಗಿರುತ್ತದೆ, ಹಳದಿ ಕಾಲು ಸ್ಪಷ್ಟವಾಗಿ ಕಾಣುತ್ತದೆ. ಇದು ಮೈ ಅಡ್ಡ ಹಾಕಿ, ರೆಕ್ಕೆ ಜೋಲು ಬಿಟ್ಟುಕೊಂಡು ಕೂತಿತ್ತು. ಕಾಲು ಇದೆಯೋ ಇಲ್ಲವೋ ಅನ್ನುವಷ್ಟು ಗಿಡ್ಡ. ತಲೆ ಪಕ್ಕಕ್ಕೆ ತಿರುಗಿಸಿದಾಗ ಕೊಕ್ಕು ಕಂಡಿತು. ಕೊಕ್ಕೆಯಂತೆ ಬಾಗಿರಲಿಲ್ಲ, ಸಪೂರವಾಗಿ ಮುಂದಕ್ಕೆ ಚಾಚಿತ್ತು. ಕಣ್ಣಿನ ಸುತ್ತ ಹಳದಿ ಉಂಗುರ. ಕೋಗಿಲೆಗಳಿಗೆ ಎರಡು ಬೆರಳು ಮುಂದೆ, ಎರಡು ಹಿಂದೆ ಇರುತ್ತವೆ. ಬೇಟೆ ಹಕ್ಕಿಗೆ ಮೂರು ಮುಂದೆ, ಒಂದು ಹಿಂದೆ. ಅನುಮಾನ ಬಂದರೆ ಕೊಕ್ಕು ಮತ್ತು ಕಾಲು, ಈ ಎರಡನ್ನೇ ನೋಡಿ.

ಗಾಳಿಯಲ್ಲಿ ನಿಂತಲ್ಲೇ ನಿಲ್ಲುವವು

ಒಂದೇ ಜಾಗದಲ್ಲಿ ರೆಕ್ಕೆ ಬಡಿಯುತ್ತಾ ನಿಂತು ನೆಲ ನೋಡುವ ಹಕ್ಕಿ ಕಂಡರೆ ಆಯ್ಕೆ ಬೇಗ ಕಮ್ಮಿಯಾಗುತ್ತದೆ. ಕೆಸ್ಟ್ರೆಲ್ ಎಂಬ ಪುಟ್ಟ ಫಾಲ್ಕನ್ ಬೇಗ ಬೇಗ ರೆಕ್ಕೆ ಬಡಿಯುತ್ತದೆ. ಉದ್ದ ಬಾಲ ಬೀಸಣಿಗೆಯಂತೆ ಬಿಚ್ಚಿರುತ್ತದೆ, ತುದಿಯಲ್ಲಿ ಕಪ್ಪು ಪಟ್ಟಿ, ಬೆನ್ನು ಕೆಂಗಂದು. ಗಾಳಿ ಎಷ್ಟೇ ಬೀಸಲಿ, ತಲೆ ಮಾತ್ರ ಮೊಳೆ ಹೊಡೆದಂತೆ ಅಲುಗುವುದಿಲ್ಲ. ಬ್ಲ್ಯಾಕ್-ವಿಂಗ್ಡ್ ಕೈಟ್ ಸಹ ಅಷ್ಟೇ ದೊಡ್ಡದು. ಆದರೆ ಹೊಟ್ಟೆ ಬಿಳಿ, ಬೆನ್ನು ಬೂದು, ಭುಜದ ಮೇಲೆ ಕಪ್ಪು ಕಲೆ, ಕಣ್ಣು ಕೆಂಪು. ಜಾರುವಾಗ ರೆಕ್ಕೆ ಮೇಲೆತ್ತುತ್ತದೆ. ಗಂಡು ಹ್ಯಾರಿಯರ್ ಇರಬಹುದು ಅನ್ನುವ ಗೊಂದಲ ಅದರಿಂದಲೇ. ಬಾಲ ನೋಡಿ, ಹ್ಯಾರಿಯರ್‌ಗೆ ಉದ್ದ, ಇದಕ್ಕೆ ಗಿಡ್ಡ. ಹದ್ದಿಗಿಂತ ದೊಡ್ಡ ಹಕ್ಕಿಯೊಂದು ಹೀಗೆ ನಿಂತರೆ, ಹೊಟ್ಟೆ ಬಿಳಿಚಾಗಿ ತಲೆ ಗೂಬೆಯಂತೆ ದಪ್ಪಗಿದ್ದರೆ, ಅದು ಶಾರ್ಟ್-ಟೋಡ್ ಸ್ನೇಕ್ ಈಗಲ್. ನೀರಿನ ಮೇಲೆ ನಿಂತು ಕಾಲು ಮುಂದೆ ಮಾಡಿ ಧುಮುಕಿದರೆ ಅದು ಮೀನು ಹಿಡಿಯುವ ಆಸ್ಪ್ರೆ.

ದೊಡ್ಡ ಕಂದು ಈಗಲ್‌ಗಳು

ಸ್ಟೆಪ್, ಟಾನಿ, ಗ್ರೇಟರ್ ಸ್ಪಾಟೆಡ್, ಇಂಡಿಯನ್ ಸ್ಪಾಟೆಡ್. ಇವು ಕಷ್ಟದವು, ವರ್ಷಗಟ್ಟಲೆ ನೋಡಿದವರೂ ಇಲ್ಲಿ ತಡವರಿಸುತ್ತಾರೆ. ಮೊದಲ ವರ್ಷ ಇವುಗಳ ಹೆಸರಿಗೆ ಹೋಗಬೇಡಿ. ಹತ್ತಿರದ ಒಂದು ಒಳ್ಳೆ ಫೋಟೊ ಸಿಕ್ಕರೆ ಮಾತ್ರ ಕಟವಾಯಿ ನೋಡಿ, ಅಂದರೆ ಬಾಯಿಯ ಹಳದಿ ಅಂಚು ಎಲ್ಲಿಗೆ ಮುಗಿಯುತ್ತದೆ ಅಂತ. ಟಾನಿ ಈಗಲ್‌ನಲ್ಲಿ ಅದು ಕಣ್ಣಿನ ನಡುವಿನ ನೇರಕ್ಕೆ ನಿಲ್ಲುತ್ತದೆ. ಸ್ಟೆಪ್ ಈಗಲ್‌ನಲ್ಲಿ ಕಣ್ಣಿನ ಹಿಂದಿನ ಅಂಚಿನವರೆಗೂ ಹೋಗುತ್ತದೆ, ನಗುತ್ತಿರುವ ಮುಖದಂತೆ ಕಾಣುತ್ತದೆ. ಇಂಡಿಯನ್ ಸ್ಪಾಟೆಡ್‌ಗೂ ಬಾಯಿ ಅಗಲವೇ. ಹಾಗಾಗಿ ಮೂಗಿನ ಹೊಳ್ಳೆಯನ್ನೂ ನೋಡಿ. ಸ್ಪಾಟೆಡ್ ಈಗಲ್‌ಗಳಿಗೆ ದುಂಡು, ಸ್ಟೆಪ್‌ಗೆ ಉದ್ದುರುಟು. ಸ್ಟೆಪ್‌ನ ಮರಿ ಮಾತ್ರ ಸುಲಭ, ರೆಕ್ಕೆಯಡಿಯಲ್ಲಿ ಉದ್ದಕ್ಕೂ ದಪ್ಪ ಬಿಳಿ ಪಟ್ಟಿ ಇರುತ್ತದೆ.

ಬರೆದುಕೊಳ್ಳುವುದು, ಫೋಟೊ ತೆಗೆಯುವುದು

ಪುಸ್ತಕ ಅಥವಾ ಫೋನ್ ತೆರೆಯುವ ಮೊದಲೇ ಬರೆಯಿರಿ. ಚಿತ್ರ ನೋಡಿದ ಮೇಲೆ ನಮ್ಮ ನೆನಪು ಆ ಚಿತ್ರದಂತೆಯೇ ಬದಲಾಗುತ್ತದೆ. ಬರೆಯಬೇಕಾದ್ದು ಇಷ್ಟೇ: ಹದ್ದಿಗೋ ಕಾಗೆಗೋ ಹೋಲಿಸಿದ ಗಾತ್ರ, ಬಾಲದ ತುದಿ, ರೆಕ್ಕೆ ಹಿಡಿದ ರೀತಿ, ಏನು ಮಾಡುತ್ತಿತ್ತು, ಬೆಳಕು ಯಾವ ಕಡೆ ಇತ್ತು. ಒಂದು ಗೆರೆಯ ಚಿತ್ರ ಬಿಡಿಸಿ. ಚೆಂದ ಇರಬೇಕಾಗಿಲ್ಲ.

ಬೈನಾಕ್ಯುಲರ್ 8x42, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವುದು, ಸಾಕು, ಹತ್ತು ಪಟ್ಟಿನದ್ದಕ್ಕಿಂತ ಕೈ ಅಲುಗಾಟ ಕಮ್ಮಿ. ಕ್ಯಾಮೆರಾ ಇದ್ದರೆ ಹಾರುವ ಹಕ್ಕಿಗೆ ಎಕ್ಸ್‌ಪೋಷರ್ ಒಂದು ಹಂತ ಹೆಚ್ಚಿಸಿ. ಆಕಾಶ ಬೆಳ್ಳಗಾದರೂ ಚಿಂತೆಯಿಲ್ಲ, ರೆಕ್ಕೆಯಡಿಯ ಪಟ್ಟೆಗಳು ಕಾಣುತ್ತವೆ. ಒಂದು ಒಳ್ಳೆ ಫೋಟೊಗಿಂತ ಹತ್ತು ಸಾಧಾರಣ ಫೋಟೊ ಮೇಲು: ಅಡಿಯಿಂದ, ಮೇಲಿನಿಂದ, ಎದುರಿನಿಂದ, ಬಾಲ ಬಿಚ್ಚಿದಾಗ, ಮಡಚಿದಾಗ. ಗೂಡಿನ ಹತ್ತಿರ ಮಾತ್ರ ಹೋಗಬೇಡಿ. ತಾಯಿ ಎದ್ದು ಹೋದರೆ ಮೊಟ್ಟೆ, ಮರಿ ಬಿಸಿಲಿಗೆ ಬೀಳುತ್ತವೆ.

ಹೆಸರು ಸಿಗದಿದ್ದರೆ ಗುಂಪಿನ ಹೆಸರು ಬರೆಯಿರಿ. ನೋಡಿದ ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ನ ಪಟ್ಟಿಯಲ್ಲಿ ಜಾತಿ ಗೊತ್ತಾಗದ ಹಕ್ಕಿಗಳಿಗೆ ಅಂತಲೇ ಆಯ್ಕೆಗಳಿವೆ, ಅನುಭವಿಗಳೂ ಅದನ್ನು ದಿನಾ ಬಳಸುತ್ತಾರೆ. ಊಹಿಸಿ ಹಾಕಿದ ತಪ್ಪು ಹೆಸರು ದಾಖಲೆಯಲ್ಲಿ ಹಾಗೇ ಕೂತುಬಿಡುತ್ತದೆ. ‘ಹದ್ದಿನಷ್ಟು, ಚೌಕ ಬಾಲ, ತಿರುಚಲಿಲ್ಲ’ ಅಂತ ಬರೆದ ಸಾಲಿಗೆ ಆರು ತಿಂಗಳ ಮೇಲೂ ಹೆಸರು ಸಿಗಬಹುದು. ನನ್ನ ಪುಸ್ತಕದಲ್ಲಿ ಬೂಟೆಡ್ ಈಗಲ್ ಕಂಡ ದಿನಕ್ಕಿಂತ ಐದು ತಿಂಗಳು ಹಿಂದಿನ ಅಂಥದ್ದೇ ಒಂದು ಸಾಲು ಇತ್ತು.